ಏಪ್ರಿಲ್ 13: ಅಮೃತಸರಕ್ಕೂ ಅಂಕೋಲಾಕ್ಕೂ ತಾರೀಖು ಒಂದೇ ಆಗಿದ್ದು ಹೇಗೆ?

(ದೃಶ್ಯ: ಅಂಕೋಲಾ ಕಡಲ ತೀರ, ಬೆಳಗಿನ ಹೊತ್ತು. ಗಾಳಿಯ ಶಬ್ದ ಹಾಗೇ ಇರಲಿ.)

ನಮಸ್ಕಾರ ಎಲ್ಲರಿಗೂ.

ನಮ್ಮ ಅಜ್ಜ ಹುಟ್ಟಿದ್ದು ಜೂನ್ 1. ಅವರ ತಮ್ಮನೂ ಜೂನ್ 1. ಕೇರಿಯಲ್ಲಿ ಅವರ ಓರಗೆಯ ಇನ್ನೂ ನಾಲ್ಕೈದು ಜನರದ್ದೂ ಅದೇ ತಾರೀಖು. ನಿಮ್ಮ ಮನೆಯಲ್ಲೂ ಹೀಗೆ ಇರಬಹುದು, ಒಮ್ಮೆ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿ. ಇದರ ಹಿಂದೆ ಪವಾಡ ಏನಿಲ್ಲ. ಮನೆಯಲ್ಲಿ ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ, ಶಾಲೆ ಶುರುವಾಗುವುದು ಜೂನ್‌ನಲ್ಲಿ, ಹೆಸರು ಹಚ್ಚಲಿಕ್ಕೆ ಕರೆದುಕೊಂಡು ಹೋದಾಗ ಮಾಸ್ತರರು ಹುಡುಗನ ಮುಖ ನೋಡಿ ಒಂದು ವರ್ಷ ಅಂದಾಜು ಮಾಡಿ, ಮುಂದೆ ಜೂನ್ 1 ಅಂತ ಬರೆದುಬಿಟ್ಟರು. ಅಷ್ಟೇ.

ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ವಾಟ್ಸಾಪ್‌ನಲ್ಲಿ ದಿನಾ ಬೆಳಿಗ್ಗೆ 'ಇತಿಹಾಸದಲ್ಲಿ ಈ ದಿನ' ಅಂತ ಒಂದು ಪಟ್ಟಿ ಬರುತ್ತದೆ ಅಲ್ವಾ? ಒಂದೇ ತಾರೀಖಿಗೆ ಯುದ್ಧ, ಹುಟ್ಟು, ಸಾವು, ರಾಕೆಟ್ಟು, ಎಲ್ಲವೂ ಸಾಲಾಗಿ. ಓದಿ ಮುಂದೆ ಹೋಗುತ್ತೇವೆ. ಆದರೆ ಅದರಲ್ಲಿ ಎರಡು ಘಟನೆ ಒಂದೇ ದಿನ ಯಾಕೆ ಬಂದವು ಅಂತ ಕೇಳುವುದೇ ಇಲ್ಲ. ಕೆಲವು ಸುಮ್ನೆ ಹಾಗೆ ಕೂಡಿಬಂದವು. ಕೆಲವನ್ನು ಯಾರೋ ಕೂತು ಯೋಚಿಸಿ, ಇದೇ ದಿನ ಆಗಬೇಕು ಅಂತ ಆರಿಸಿದ್ದಾರೆ. ಇವತ್ತು ಒಂದೇ ಒಂದು ತಾರೀಖು ಹಿಡಿದು ಇದನ್ನು ನೋಡೋಣ. ಏಪ್ರಿಲ್ 13. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಗೊತ್ತಿರಲೇಬೇಕಾದ ತಾರೀಖು ಇದು.

(ದೃಶ್ಯ: ಗೋಡೆಯ ಕ್ಯಾಲೆಂಡರ್, ಪುಟಗಳು ಮಗುಚುತ್ತವೆ.)

ಮೊದಲು ಸುಮ್ನೆ ಕೂಡಿಬರುವುದು ಎಷ್ಟು ಸುಲಭ ಅಂತ ನೋಡಿ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ 23 ಜನ ಕೂತಿದ್ದಾರೆ ಅಂದುಕೊಳ್ಳಿ. ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಮಾಸ್ತರರು ಬರೆದ ಜೂನ್ 1 ಅಲ್ಲ, ನಿಜವಾದ ಹುಟ್ಟಿದ ದಿನದ ಲೆಕ್ಕ ಇದು. ವರ್ಷಕ್ಕೆ 365 ದಿನ ಇರುವಾಗ 23 ಜನ ಹೇಗೆ ಸಾಕಾಗುತ್ತದೆ ಅಂತ ಕೇಳಬಹುದು. ಆದರೆ ಇಲ್ಲಿ ಎಣಿಸಬೇಕಾದ್ದು ಜನರನ್ನಲ್ಲ, ಜೋಡಿಗಳನ್ನು. 23 ಜನರಲ್ಲಿ 253 ಜೋಡಿ ಆಗುತ್ತವೆ. ಪಂಕ್ತಿಯಲ್ಲಿ 50 ಜನ ಕೂತರೆ ಸಾಧ್ಯತೆ ನೂರಕ್ಕೆ 97. ಹಾಗಿರುವಾಗ ಸಾವಿರಾರು ವರ್ಷದ, ಇಡೀ ಲೋಕದ ಘಟನೆಗಳನ್ನು ತಂದು 365 ಮನೆಗಳಲ್ಲಿ ತುಂಬಿದರೆ ಪ್ರತಿ ಮನೆಯಲ್ಲೂ ನೂರಾರು ಸಿಗುತ್ತವೆ. ಅದರಲ್ಲಿ ಅಚ್ಚರಿ ಪಡುವಂಥದ್ದು ಏನೂ ಇಲ್ಲ.

(ದೃಶ್ಯ: ರಾತ್ರಿ ಆಕಾಶ, ಚಂದ್ರ.)

ಅಂಥದ್ದೊಂದು ಉದಾಹರಣೆ ಅಪೊಲೊ 13. 1970ರ ಏಪ್ರಿಲ್ 13ರಂದು ಚಂದ್ರನ ಕಡೆ ಹೊರಟಿದ್ದ ನೌಕೆಯಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಒಳಗೆ ಮೂವರಿದ್ದರು: ಜಿಮ್ ಲೊವೆಲ್, ಜ್ಯಾಕ್ ಸ್ವಿಗರ್ಟ್, ಫ್ರೆಡ್ ಹೇಸ್. ಚಂದ್ರನ ಮೇಲೆ ಇಳಿಯಲಿಕ್ಕೆ ಇಟ್ಟಿದ್ದ ಪುಟ್ಟ ನೌಕೆಯೊಳಗೆ ಆಸರೆ ಪಡೆದು, ಚಂದ್ರನನ್ನು ಸುತ್ತು ಹಾಕಿ, 17ನೇ ತಾರೀಖು ಮೂವರೂ ಜೀವಂತ ಮರಳಿದರು. ಹದಿಮೂರು ಅಪಶಕುನ ಅಂತ ಆಗ ಬಹಳ ಜನ ಮಾತಾಡಿಕೊಂಡರು. ನೌಕೆಯ ಹೆಸರು 13, ತಾರೀಖು 13. ಆದರೆ ಕಾರಣ ಬೇರೆಯೇ ಇತ್ತು. ಟ್ಯಾಂಕಿನ ಒಳಗಿನ ಸ್ವಿಚ್‌ಗಳು 28 ವೋಲ್ಟ್‌ಗೆ ಮಾಡಿದ್ದು. ಹಾರುವ ಮೊದಲು ನೆಲದ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಅವಕ್ಕೆ 65 ವೋಲ್ಟ್ ಕೊಟ್ಟಿದ್ದರು. ಸ್ವಿಚ್ ಕೆಟ್ಟು, ಟ್ಯಾಂಕ್ ಮಿತಿಮೀರಿ ಕಾದು, ತಂತಿಯ ಹೊದಿಕೆ ಸುಟ್ಟು ಹೋಗಿತ್ತು. ಆಕಾಶದಲ್ಲಿ ಟ್ಯಾಂಕಿನ ಫ್ಯಾನ್ ಹಾಕಿದಾಗ ಕಿಡಿ ಹಾರಿತು.

ಇನ್ನೊಂದು ವಿಷಯ ಇದೆ, ನನಗೆ ಬಹಳ ಇಷ್ಟವಾದದ್ದು. ಟ್ಯಾಂಕ್ ಸಿಡಿದಾಗ ಹ್ಯೂಸ್ಟನ್‌ನಲ್ಲಿ 13ನೇ ತಾರೀಖು ರಾತ್ರಿ 9 ಗಂಟೆ 8 ನಿಮಿಷ. ಅದೇ ಕ್ಷಣ ಕಾರವಾರದಲ್ಲಿ? 14ನೇ ತಾರೀಖು, ಬೆಳಿಗ್ಗೆ 8 ಗಂಟೆ 38 ನಿಮಿಷ! ಮೀನು ಮಾರ್ಕೆಟ್ ತುಂಬಿರುವ ಹೊತ್ತು. ಅಂದರೆ ನಮ್ಮ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ ಈ ಘಟನೆ ಏಪ್ರಿಲ್ 13ರದ್ದೇ ಅಲ್ಲ. 'ಒಂದೇ ದಿನ' ಅನ್ನುವ ಮಾತು ಎಷ್ಟು ತೆಳು ಅಂತ ಇಲ್ಲಿ ಗೊತ್ತಾಗುತ್ತದೆ.

(ದೃಶ್ಯ: ಮತ್ತೆ ಕ್ಯಾಲೆಂಡರ್, ಏಪ್ರಿಲ್ ಪುಟ.)

ಈಗ ಹಬ್ಬದ ವಿಷಯ. ಪಂಜಾಬಿನಲ್ಲಿ ಏಪ್ರಿಲ್ 13 ಅಥವಾ 14ಕ್ಕೆ ಬೈಸಾಖಿ. ನಮ್ಮ ಮಂಗಳೂರು ಕಡೆಯ ಬಿಸು ಹಬ್ಬದ ಲೆಕ್ಕವೇ, ಸೂರ್ಯ ಮೇಷ ರಾಶಿಗೆ ಬರುವ ಹೊತ್ತು. 1699ರ ಬೈಸಾಖಿಯಂದು ಗುರು ಗೋಬಿಂದ ಸಿಂಗ್ ಆನಂದಪುರದಲ್ಲಿ ಸಿಖ್ಖರ ಖಾಲ್ಸಾ ಪಂಥ ಸ್ಥಾಪಿಸಿದರು. ಪಟ್ಟಿಗಳಲ್ಲಿ ಇದನ್ನೂ ಏಪ್ರಿಲ್ 13 ಅಂತಲೇ ಹಾಕುತ್ತಾರೆ. ಆದರೆ ಈ ಹಬ್ಬ ಇಂಗ್ಲಿಷ್ ಕ್ಯಾಲೆಂಡರಿನ ಮೇಲೆ ಸುಮಾರು 60–70 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಾ ಬಂದಿದೆ. 1699ರಲ್ಲಿ ಅದು ಇನ್ನೂ ಕೆಲವು ದಿನ ಮುಂಚೆ ಬಂದಿತ್ತು. ಹಬ್ಬ ಅದೇ, ತಾರೀಖು ಬೇರೆ. ಈಗಿನ ತಾರೀಖನ್ನು ಹಿಂದಕ್ಕೆ ಒಯ್ದು ಅಂಟಿಸಿದ್ದಾರೆ.

1919ರಲ್ಲಿ ಬೈಸಾಖಿ ಏಪ್ರಿಲ್ 13ಕ್ಕೇ ಇತ್ತು. ಭಾನುವಾರ.

(ಇಲ್ಲಿ ಸಂಗೀತ ನಿಲ್ಲಲಿ.)

ಆ ವರ್ಷ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ ಬಂತು. ವಿಚಾರಣೆ ಇಲ್ಲದೆ ಯಾರನ್ನು ಬೇಕಾದರೂ ಒಳಗೆ ಹಾಕಬಹುದು ಅನ್ನುವ ಕಾಯ್ದೆ. ಅದರ ವಿರುದ್ಧ ಏಪ್ರಿಲ್ 6ರಂದು ದೇಶದ ತುಂಬಾ ಹರತಾಳ ನಡೆಯಿತು. 10ರಂದು ಅಮೃತಸರದ ಇಬ್ಬರು ನಾಯಕರನ್ನು, ಸೈಫುದ್ದೀನ್ ಕಿಚ್ಲು ಮತ್ತು ಸತ್ಯಪಾಲ್ ಅವರನ್ನು, ಹಿಡಿದು ಊರಿನಿಂದ ಆಚೆ ಒಯ್ದರು. ಊರು ಕುದಿಯುತ್ತಿತ್ತು. 13ರ ಬೆಳಿಗ್ಗೆ ಜನ ಸೇರಬಾರದು ಅಂತ ಡಂಗುರ ಹೊಡೆಸಿದರು. ಆದರೆ ಅವತ್ತು ಹಬ್ಬ. ಸುತ್ತಲಿನ ಹಳ್ಳಿಗಳಿಂದ ಜಾತ್ರೆಗೆ ಬಂದವರಿಗೆ ಆ ಡಂಗುರ ಕೇಳಿಸಿರಲೇ ಇಲ್ಲ. ಸಂಜೆ ಜಲಿಯನ್‌ವಾಲಾ ಬಾಗ್‌ನಲ್ಲಿ, ಸುತ್ತ ಗೋಡೆ, ಹೊರಗೆ ಹೋಗಲು ಇಕ್ಕಟ್ಟಿನ ದಾರಿ, ಅಂಥ ಜಾಗದಲ್ಲಿ ಜನ ತುಂಬಿದ್ದರು. ಜನರಲ್ ಡಯರ್ ಬಂದ. ಚದುರಿ ಹೋಗಿ ಅಂತ ಒಂದು ಮಾತೂ ಹೇಳಲಿಲ್ಲ. ಹತ್ತು ನಿಮಿಷ, 1,650 ಗುಂಡು. ಸತ್ತವರು 379 ಅಂತ ಸರ್ಕಾರದ ಲೆಕ್ಕ. ಸಾವಿರದ ಹತ್ತಿರ ಅಂತ ಕಾಂಗ್ರೆಸ್ ಸಮಿತಿಯ ಲೆಕ್ಕ.

ತಾರೀಖು ಇಲ್ಲಿ ಬರೀ ತಾರೀಖಲ್ಲ. ಹಬ್ಬ ಅಲ್ಲದಿದ್ದರೆ ಹಳ್ಳಿಯ ಅಷ್ಟು ಜನ ಅವತ್ತು ಆ ಊರಿನಲ್ಲಿ ಇರುತ್ತಿರಲಿಲ್ಲ.

ಸುದ್ದಿ ತಿಳಿದ ರವೀಂದ್ರನಾಥ ಟಾಗೋರರು ಮೇ ತಿಂಗಳ ಕೊನೆಯಲ್ಲಿ ವೈಸ್‌ರಾಯ್‌ಗೆ ಪತ್ರ ಬರೆದು, ಬ್ರಿಟಿಷರು ಕೊಟ್ಟಿದ್ದ 'ಸರ್' ಪದವಿ ಬೇಡ ಅಂದರು. ಕಾರವಾರದವರಿಗೆ ಇವರು ಹೊರಗಿನವರಲ್ಲ. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದರು, ಇಲ್ಲೇ ಒಂದು ನಾಟಕ ಬರೆದರು. ನಾವು ಸಂಜೆ ಗಾಳಿ ತಿನ್ನಲು ಹೋಗುವ ಕಡಲ ತೀರಕ್ಕೆ ಅವರದೇ ಹೆಸರು. ಅಲ್ಲಿ ಕೂತಾಗಲೆಲ್ಲ ನನಗೆ ಆ ಪತ್ರ ನೆನಪಾಗುತ್ತದೆ.

(ದೃಶ್ಯ: ಸಾಣಿಕಟ್ಟಾದ ಉಪ್ಪಿನ ಆಗರ, ಬಿಸಿಲಲ್ಲಿ ಉಪ್ಪಿನ ರಾಶಿ.)

ಈಗ ನಮ್ಮ ಊರಿಗೆ ಬರೋಣ. 1919ರ ನಂತರ ಕಾಂಗ್ರೆಸ್ ಪ್ರತಿ ವರ್ಷ ಏಪ್ರಿಲ್ 6ರಿಂದ 13ರವರೆಗೆ ರಾಷ್ಟ್ರೀಯ ಸಪ್ತಾಹ ಆಚರಿಸುತ್ತಿತ್ತು. ಹರತಾಳದ ದಿನದಿಂದ ಹತ್ಯಾಕಾಂಡದ ದಿನದವರೆಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1930 ನೋಡಿ. ಗಾಂಧೀಜಿ ಮಾರ್ಚ್ 12ಕ್ಕೆ ಸಾಬರಮತಿಯಿಂದ 78 ಜನರ ಜೊತೆ ಹೊರಟರು. ಅವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದರು. ಆದರೆ ಉಪ್ಪು ಎತ್ತಿದ್ದು ಮರುದಿನ, 6ನೇ ತಾರೀಖು. ಸಪ್ತಾಹದ ಮೊದಲ ದಿನ.

ಸಪ್ತಾಹದ ಕೊನೆಯ ದಿನ, ಏಪ್ರಿಲ್ 13, ಅಂಕೋಲಾ. ಎಂ. ಪಿ. ನಾಡಕರ್ಣಿ ಅವರು ಸಾವಿರಾರು ಜನರ ಎದುರು ಉಪ್ಪಿನ ಕಾನೂನು ಮುರಿದರು.

ಇದು ಕಾಕತಾಳೀಯ ಇರಬಹುದಲ್ಲ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಹಾಗಾದರೆ ಅದೇ ದಿನ ಬೇರೆ ಕಡೆ ಏನು ನಡೆಯಿತು ನೋಡಿ. ತಿರುಚಿನಾಪಳ್ಳಿಯಿಂದ ರಾಜಾಜಿ ಸುಮಾರು ನೂರು ಜನರನ್ನು ಕಟ್ಟಿಕೊಂಡು, ಉಪ್ಪಿನ ಕಾನೂನು ಮುರಿಯಲಿಕ್ಕೆ ವೇದಾರಣ್ಯದ ಕಡೆ ನಡೆಯಲು ಶುರು ಮಾಡಿದ್ದು 1930ರ ಏಪ್ರಿಲ್ 13. ಕೋಳಿಕ್ಕೋಡಿನಿಂದ ಕೆ. ಕೇಳಪ್ಪನ್ ಅದೇ ಉದ್ದೇಶಕ್ಕೆ ಪಯ್ಯನ್ನೂರಿಗೆ ಹೊರಟಿದ್ದೂ ಏಪ್ರಿಲ್ 13. ಮೂರು ಊರು, ಮೂರು ಭಾಷೆ, ಒಂದೇ ದಿನ. ಅಮೃತಸರದಲ್ಲಿ ಬಿದ್ದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಈ ದಿನ ಹಿಡಿದಿದ್ದರು.

ಒಂದು ಸಂಗತಿ ಮಾತ್ರ ಯಾರೂ ಆರಿಸಿದ್ದಲ್ಲ. 1930ರ ಕ್ಯಾಲೆಂಡರ್ ಮತ್ತು 1919ರ ಕ್ಯಾಲೆಂಡರ್ ಒಂದೇ. ಹನ್ನೊಂದು ವರ್ಷ, ನಡುವೆ ಮೂರು ಅಧಿಕ ವರ್ಷ, ವಾರಗಳು ಸರಿಯಾಗಿ ಎರಡು ಸುತ್ತು ಬಂದವು. ಅಮೃತಸರದಲ್ಲೂ ಭಾನುವಾರ, ಅಂಕೋಲಾದಲ್ಲೂ ಭಾನುವಾರ.

ಉಪ್ಪೇ ಯಾಕೆ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಅಂದರೆ ಆಗರಗಳಲ್ಲಿ ಉಪ್ಪು ಬಲಿಯುವ ಬಿಸಿಲು. ಮಳೆಗಾಲಕ್ಕೆ ಮೀನು ಒಣಗಿಸಬೇಕು, ಅದಕ್ಕೆ ಉಪ್ಪು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಅಪ್ಪೆಮಿಡಿ ಭರಣಿಗೆ ಬೀಳುವ ಕಾಲ, ಅದಕ್ಕೂ ಉಪ್ಪು. ಮನೆ ಮುಂದೆಯೇ ಸಮುದ್ರ ಇದೆ, ಆದರೆ ಅದರ ನೀರು ಕಾಯಿಸಿ ಒಂದು ಹಿಡಿ ಉಪ್ಪು ಮಾಡಿಕೊಂಡರೆ ಅಪರಾಧ! ಸಿಟ್ಟು ಬರದೇ ಇರುತ್ತದೆಯೇ? ಆ ಸಿಟ್ಟು ಉಪ್ಪಿಗೇ ನಿಲ್ಲಲಿಲ್ಲ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಅಂಕೋಲಾ, ಸಿದ್ದಾಪುರದ ರೈತರು ಮುಂದೆ ಭೂಮಿಯ ಕಂದಾಯವನ್ನೂ ಕೊಡುವುದಿಲ್ಲ ಅಂದರು. ಜಮೀನು ಜಪ್ತಿಯಾಯಿತು, ಪಾತ್ರೆ ಪಗಡಿ, ದನಕರು ಹರಾಜಾದವು, ಗಂಡಸರು ಜೈಲಿಗೆ ಹೋದಾಗ ಹೆಂಗಸರು ಮುಂದೆ ಬಂದು ಸತ್ಯಾಗ್ರಹ ಮಾಡಿದರು. ಗುಜರಾತಿನ ಬಾರ್ಡೋಲಿಯ ರೈತರೂ ಹೀಗೇ ಕಂದಾಯ ನಿಲ್ಲಿಸಿದ್ದರು; ಅಂಕೋಲಾವನ್ನು ಕರ್ನಾಟಕದ ಬಾರ್ಡೋಲಿ ಅಂತ ಕರೆಯುವುದು ಇದಕ್ಕೇ. ನನಗೆ ದಂಡಿಯ ಕಥೆ ಶಾಲೆಯಲ್ಲಿ ಬಾಯಿಪಾಠ ಇತ್ತು, ಆದರೆ ಹತ್ತಿರದ ಈ ಕಥೆ ತಿಳಿದಿದ್ದು ದೊಡ್ಡವರಾದ ಮೇಲೆ. ಆ ಸಂಕಟ ಇನ್ನೂ ಇದೆ, ಈ ವಿಡಿಯೋ ಮಾಡಿದ್ದೂ ಅದಕ್ಕೇ.

(ದೃಶ್ಯ: ಹಿಮದ ಬೆಟ್ಟ.)

ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. 1984ರ ಏಪ್ರಿಲ್ 13ರಂದು ನಮ್ಮ ಸೈನ್ಯ ಸಿಯಾಚಿನ್‌ಗೆ ಹೋಯಿತು, ಆಪರೇಷನ್ ಮೇಘದೂತ್. ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಅವರ ತಂಡವನ್ನು ಹೆಲಿಕಾಪ್ಟರ್‌ಗಳು 5,000 ಮೀಟರಿಗೂ ಎತ್ತರದ ಬಿಲಾಫೊಂಡ್ ಲಾ ಹತ್ತಿರ ಇಳಿಸಿದವು. ಇಲ್ಲಿಯೂ ದಿನವನ್ನು ಆರಿಸಿದ್ದರು. ಬೈಸಾಖಿಯ ದಿನ ಭಾರತದವರು ಹೊರಡುತ್ತಾರೆ ಅಂತ ಆಚೆಯ ಪಾಕಿಸ್ತಾನದವರು ಎಣಿಸಲಿಕ್ಕಿಲ್ಲ ಅನ್ನುವ ಲೆಕ್ಕ. ಹಬ್ಬ ಒಂದೇ. 1919ರಲ್ಲಿ ಅದು ಜನರನ್ನು ಒಂದು ಕಡೆ ಸೇರಿಸಿತು, 1984ರಲ್ಲಿ ಅದರ ಮರೆಯಲ್ಲಿ ಸೈನ್ಯ ಹೊರಟಿತು.

ಪಟ್ಟಿಗಳಲ್ಲಿ ಕಾಣುವ ಒಂದು ತಪ್ಪನ್ನೂ ತಿದ್ದಿಬಿಡೋಣ. ಊಧಮ್ ಸಿಂಗ್ ಲಂಡನ್ನಿನಲ್ಲಿ ಡಯರ್‌ನನ್ನು ಕೊಂದ ಅಂತ ಬರೆಯುತ್ತಾರೆ. ಅವನು ಕೊಂದಿದ್ದು 1919ರಲ್ಲಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕಲ್ ಓಡ್ವಯರ್‌ನನ್ನು. ಅದೂ 13ನೇ ತಾರೀಖೇ, ಆದರೆ 1940ರ ಮಾರ್ಚ್ 13. ಏಪ್ರಿಲ್ ಅಲ್ಲ. ಹೆಸರು, ತಾರೀಖು ಎರಡೂ ಹತ್ತಿರ ಇರುವುದರಿಂದ ಕಲಸಿಹೋಗಿವೆ.

(ದೃಶ್ಯ: ಅಂಕೋಲಾ ಕಡಲ ತೀರಕ್ಕೆ ವಾಪಸ್.)

2030ರ ಏಪ್ರಿಲ್ 13ಕ್ಕೆ ಅಂಕೋಲಾದ ಉಪ್ಪಿನ ಸತ್ಯಾಗ್ರಹಕ್ಕೆ ನೂರು ವರ್ಷ ತುಂಬುತ್ತದೆ. ಶನಿವಾರ ಬರುತ್ತದೆ, ನಾನು ನೋಡಿಟ್ಟಿದ್ದೇನೆ. ಅವತ್ತು ಅಲ್ಲಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಈ ತಾಲೂಕಿನ ಮನೆ ಮನೆಯಲ್ಲಿದ್ದಾರೆ. ನಿಮ್ಮ ಅಜ್ಜಿ, ದೊಡ್ಡಪ್ಪ, ಯಾರಾದರೂ ಆ ದಿನದ ಬಗ್ಗೆ, ಕರನಿರಾಕರಣೆಯಲ್ಲಿ ಕಳೆದುಕೊಂಡ ಗದ್ದೆಯ ಬಗ್ಗೆ, ಹರಾಜಾದ ಹಂಡೆಯ ಬಗ್ಗೆ ಹೇಳಿದ್ದಿದ್ದರೆ, ದಯವಿಟ್ಟು ಅವರ ಎದುರು ಕೂತು ಫೋನಿನಲ್ಲಿ ದನಿ ಹಿಡಿದಿಡಿ. ಒಂದೆರಡು ಸಾಲು ಕಮೆಂಟಿನಲ್ಲಿ ಬರೆದರೆ ಸಾಕು, ನಾನೇ ಬಂದು ಕೇಳಿಸಿಕೊಳ್ಳುತ್ತೇನೆ.