ಮೊದಲು ತಾಲ್ಲೂಕು ಕೋರ್ಟಿಗೆ ಬನ್ನಿ

ಕಾನೂನು ಓದುತ್ತಿರುವ ವಿದ್ಯಾರ್ಥಿಗಳಿಗೂ, ಅವರನ್ನು ಓದಿಸುತ್ತಿರುವ ತಂದೆ-ತಾಯಂದಿರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ವಕೀಲಿ ವೃತ್ತಿ ನಡೆಸುತ್ತಿರುವ ನಾನು ಈ ಹೊತ್ತು ಇಂಟರ್ನ್‌ಶಿಪ್ ಕುರಿತು ಒಂದೇ ಮಾತನ್ನು ಹೇಳಬಯಸುತ್ತೇನೆ. ನಿಮ್ಮ ಮೊದಲ ಇಂಟರ್ನ್‌ಶಿಪ್ ನಿಮ್ಮದೇ ತಾಲ್ಲೂಕಿನ ಅಥವಾ ಜಿಲ್ಲೆಯ ವಿಚಾರಣಾ ನ್ಯಾಯಾಲಯದ ವಕೀಲರ ಕಚೇರಿಯಲ್ಲಿ ಆಗಲಿ. ಬೆಂಗಳೂರಿನ ಲಾ ಫರ್ಮ್‌ಗಳಿಗೆ, ಕಂಪನಿಗಳಿಗೆ ಆಮೇಲೆ ಹೋಗಬಹುದು.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಯಾವ ವರ್ಷದಲ್ಲೂ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ನೋಡಿ ಬರೆದುದಕ್ಕೆ 30 ಅಂಕಗಳಿವೆ. ಕಕ್ಷಿದಾರರೊಡನೆ ವಕೀಲರು ಮಾತನಾಡುವುದನ್ನು ಎರಡು ಬಾರಿ ಕುಳಿತು ಕೇಳಿ ಡೈರಿಯಲ್ಲಿ ಬರೆದರೆ 15, ದಾವೆಯ ಕಾಗದಪತ್ರ ಸಿದ್ಧಪಡಿಸಿ ದಾಖಲಿಸುವ ಕ್ರಮವನ್ನು ಬರೆದರೆ ಮತ್ತೆ 15. ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ಪ್ರತಿವರ್ಷ ಕೆಲವರು ಕೊನೆಯ ವಾರದಲ್ಲಿ ಬಂದು, ‘ಸರ್, ಒಂದು ಸರ್ಟಿಫಿಕೇಟ್ ಕೊಡಿ’ ಎನ್ನುತ್ತಾರೆ. ಕೈಯಲ್ಲಿರುವ ಡೈರಿ ಹಿಂದಿನ ವರ್ಷದವರದನ್ನು ನೋಡಿ ನಕಲು ಮಾಡಿದ್ದು. ಅಂಥವರಿಗೆ ನಾನು ಸಹಿ ಹಾಕುವುದಿಲ್ಲ.

ವಿಚಾರಣಾ ನ್ಯಾಯಾಲಯವೇ ಏಕೆ ಎಂದರೆ, ಸಾಕ್ಷ್ಯ ಕಡತಕ್ಕೆ ಸೇರುವುದು ಇಲ್ಲಿ. ನಮ್ಮ ಜಿಲ್ಲೆಯ ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೂ, ವಿಜಯಪುರದ್ದು ಕಲಬುರಗಿ ಪೀಠಕ್ಕೆ ಹೋದರೂ, ಅಲ್ಲಿ ಓದುವುದು ಇಲ್ಲಿ ತಯಾರಾದ ಕಡತವನ್ನೇ.

ಒಂದು ಪ್ರಸಂಗ ಹೇಳುತ್ತೇನೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಜಮೀನು ಕೊಟ್ಟವರ ಪರಿಹಾರದ ಪ್ರಕರಣಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂಬುದು ನಿಮಗೆಲ್ಲ ತಿಳಿದದ್ದೇ. ಬೀಳಗಿ ಕಡೆಯ ಒಬ್ಬ ಹಿರಿಯ ರೈತರು ಪರಿಹಾರ ಸಾಲದೆಂದು ನಮ್ಮ ಕಚೇರಿಗೆ ಬಂದಿದ್ದರು. ಉತಾರದ, ಅಂದರೆ ಪಹಣಿಯ, ಬೆಳೆ ಕಾಲಂನಲ್ಲಿ ಜೋಳ ಎಂದಿತ್ತು. ಅಧಿಕಾರಿಗಳು ಒಣ ಜಮೀನೆಂದು ದರ ಕಟ್ಟಿದ್ದರು. ನೀರಾವರಿ ಜಮೀನಿಗೂ ಒಣ ಜಮೀನಿಗೂ ಪರಿಹಾರದಲ್ಲಿ ಬಹಳ ಅಂತರ. ನಾನು ಫೋನಿನಲ್ಲಿದ್ದಾಗ, ಬದಿಯಲ್ಲಿ ಡೈರಿ ಹಿಡಿದು ಕುಳಿತಿದ್ದ ಮೂರನೆಯ ವರ್ಷದ ವಿದ್ಯಾರ್ಥಿನಿ ತಾನಾಗಿ ಕೇಳಿದಳು: ‘ಅಜ್ಜಾರ, ಹೊಲದಾಗ ಜ್ವಾಳ ಒಂದ ಬೆಳೀತಿದ್ರೇನ್ರಿ?’ ಅವರಿಗೆ ಸಿಟ್ಟೇ ಬಂತು. ‘ಕಬ್ಬು ಬೆಳದೇವವ್ವಾ! ಬಾವಿಗೆ ಮೋಟಾರ ಕುಂದರಿಸಿದ್ದು ನಮ್ಮಪ್ಪ. ಫ್ಯಾಕ್ಟರಿ ಚೀಟಿ, ಕರೆಂಟ್ ಬಿಲ್ಲು ಎಲ್ಲಾ ಟ್ರಂಕಿನ್ಯಾಗ ಅದಾವು.’

ಮರುದಿನ ಟ್ರಂಕೇ ಕಚೇರಿಗೆ ಬಂತು. ಆ ಹುಡುಗಿ ಕಬ್ಬಿನ ತೂಕದ ಚೀಟಿಗಳನ್ನು ವರ್ಷವಾರು ಜೋಡಿಸಿ, ಮಸುಕಾದ ದಿನಾಂಕಗಳನ್ನು ಬೆಳಕಿಗೆ ಹಿಡಿದು ಓದಿ ಪಟ್ಟಿ ಮಾಡಿದಳು. ವಿದ್ಯುತ್ ಬಿಲ್ಲು ತೀರಿಹೋದ ತಂದೆಯ ಹೆಸರಿನಲ್ಲಿದ್ದುದನ್ನು ಗಮನಿಸಿ ವಾರಸಾ ನೋಂದಣಿಯ ನಕಲು ತರಿಸಿದಳು. ಬಿಲ್ಲಿನ ಮೇಲೆ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಇರುತ್ತದೆಯೇ ಹೊರತು ಸರ್ವೆ ನಂಬರ್ ಇರುವುದಿಲ್ಲ. ಆ ಮೀಟರು ಇದೇ ಹೊಲದ್ದೆಂದು ವಿದ್ಯುತ್ ಕಂಪನಿ ಹೆಸ್ಕಾಂನ ಶಾಖಾ ಕಚೇರಿಯಿಂದ ಪತ್ರ ಬೇಕೆಂದು ನಾನು ಹೇಳಿದಾಗ, ರೈತರ ಅರ್ಜಿಯನ್ನು ಅವಳೇ ಬರೆದುಕೊಟ್ಟಳು. ಪಾಟೀಸವಾಲಿನಲ್ಲಿ ಸರ್ಕಾರಿ ವಕೀಲರು ಎತ್ತಿದ ಮೊದಲ ಪ್ರಶ್ನೆಯೇ ಅದು: ‘ಈ ಮೀಟರು ಇದೇ ಸರ್ವೆ ನಂಬರಿನದೆಂದು ಹೇಗೆ ಹೇಳುತ್ತೀರಿ?’ ಪತ್ರ ಆಗಲೇ ಕಡತದಲ್ಲಿತ್ತು. ನ್ಯಾಯಾಲಯ ಅದನ್ನು ನೀರಾವರಿ ಜಮೀನೆಂದು ಒಪ್ಪಿ ಪರಿಹಾರ ಹೆಚ್ಚಿಸಿತು. ಭೂಸ್ವಾಧೀನ ಕಾಯ್ದೆಯ ಕಲಮುಗಳು ಅವಳಿಗೆ ಕಾಲೇಜಿನಲ್ಲೇ ಬಾಯಿಪಾಠವಾಗಿದ್ದವು. ಆದರೆ ಉತಾರದಲ್ಲಿ ಬರೆದದ್ದೇ ಕೊನೆಯ ಮಾತಲ್ಲವೆಂಬುದು, ಅದನ್ನು ಅಲ್ಲಗಳೆಯುವ ಕಾಗದ ರೈತನ ಮನೆಯಲ್ಲೇ ಇರಬಹುದೆಂಬುದು ಅವಳಿಗೆ ತಿಳಿದದ್ದು ಕಕ್ಷಿದಾರರ ಎದುರು ಕುಳಿತಾಗ. ಅದಕ್ಕಾಗಿಯೇ ಮತ್ತೆ ಹೇಳುತ್ತೇನೆ, ಮೊದಲು ವಿಚಾರಣಾ ನ್ಯಾಯಾಲಯದ ವಕೀಲರ ಬಳಿ ಬನ್ನಿ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಪರಿಚಯದ ವಕೀಲರಿಲ್ಲ ಎಂದು ಹಿಂಜರಿಯಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿವೆ. ಕಾಲೇಜಿನ ಪತ್ರದೊಂದಿಗೆ ಅಲ್ಲಿ ವಿಚಾರಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುವುದರಿಂದ, ಜೀವನಾಂಶ ಕೇಳಿಕೊಂಡು, ಆಸ್ತಿಯ ಪಾಲು ಕೇಳಿಕೊಂಡು ಬರುವ ಹೆಣ್ಣುಮಕ್ಕಳ ಮಾತನ್ನು ಅಲ್ಲಿ ನೇರವಾಗಿ ಕೇಳಬಹುದು. ಬಿಳಿ ಅಂಗಿ, ಕಪ್ಪು ಕೋಟು, ಕಪ್ಪು ಟೈ ಸಾಕು. ಗೌನು ಮತ್ತು ಕೊರಳಿನ ಬಿಳಿ ಬ್ಯಾಂಡ್ ವಕೀಲರಿಗೆ ಮಾತ್ರ. ಬೇಸಿಗೆ ರಜೆಯನ್ನೇ ಕಾಯುತ್ತ ಕೂರಬೇಡಿ, ಸಿವಿಲ್ ನ್ಯಾಯಾಲಯಗಳಿಗೂ ಆಗ ರಜೆ ಇರುತ್ತದೆ. ಸಾಕ್ಷಿ ವಿಚಾರಣೆ ನೋಡಬೇಕೆಂದರೆ ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಬನ್ನಿ. ಕಕ್ಷಿದಾರರು ಬರುವುದು ಬೆಳಿಗ್ಗೆ ಕೋರ್ಟಿಗೆ ಹೊರಡುವ ಮೊದಲು ಮತ್ತು ಸಂಜೆ. ಆ ಎರಡೂ ಹೊತ್ತು ಕಚೇರಿಯಲ್ಲಿರಿ, ಡೈರಿಯನ್ನು ಅದೇ ರಾತ್ರಿ ಬರೆಯಿರಿ. ನಮಸ್ಕಾರ.