ಗ್ಯಾಸ್ ಕಾಲಿಗೆ ಇಳಿಯುತ್ತಾ?

(ಪರದೆ: ಸಂಜೆ, ಔಟರ್ ರಿಂಗ್ ರೋಡಲ್ಲಿ ನಿಂತ ಬಸ್ಸು)

ನಮಸ್ಕಾರ. ಅವರೆಕಾಯಿ ಸೀಸನ್ ಶುರುವಾದ್ರೆ ಬೆಂಗಳೂರಿನ ಮನೆಗಳಲ್ಲಿ ಈ ಮಾತು ಇದ್ದದ್ದೇ: "ಗ್ಯಾಸ್ ಕಾಲಿಗೆ ಇಳಿದಿದೆ, ಮೀನಖಂಡ ಹಿಡ್ಕೊಂಡಿದೆ."

ಅವರೆಯಿಂದ ಹೊಟ್ಟೆ ಉಬ್ಬರಿಸೋದು ನಿಜ. ಅದರಲ್ಲಿರೋ ಕೆಲವು ಸಕ್ಕರೆ ಅಂಶಗಳು ಸಣ್ಣಕರುಳಲ್ಲಿ ಕರಗಲ್ಲ. ದೊಡ್ಡಕರುಳಿನ ಬ್ಯಾಕ್ಟೀರಿಯಾ ಅದನ್ನ ಹುಳಿಸಿ ಗ್ಯಾಸ್ ಮಾಡುತ್ತೆ. ಒಣಕಾಳಾದ್ರೆ 8 ಗಂಟೆ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಆದ್ರೆ ಕರುಳಿನ ಗ್ಯಾಸ್‌ಗೆ ಕಾಲಿಗೆ ಇಳಿಯೋ ದಾರಿನೇ ಇಲ್ಲ.

ಮತ್ತೆ ಎರಡೂ ಒಟ್ಟಿಗೆ ಯಾಕೆ ಬರುತ್ತೆ? ಬಸ್ಸಲ್ಲೋ ಆಫೀಸಲ್ಲೋ ಗಂಟೆಗಟ್ಟಲೆ ಕೂತ್ರೆ ಕರುಳೂ ನಿಧಾನ, ಕಾಲಿನ ರಕ್ತಸಂಚಾರವೂ ನಿಧಾನ. ಸೊಂಟದ ನರ ಒತ್ತಿಕೊಂಡಿದ್ರೆ ನೋವು ಪಾದದವರೆಗೂ ಎಳೆಯುತ್ತೆ.

(ಪರದೆ: ಖಾಲಿ ಹೊಟ್ಟೇಲಿ ನುಂಗೋ ಮಾತ್ರೆ)

ನಮಗೆ ಹೆಚ್ಚು ಚಿಂತೆ ಇರೋದು ಗ್ಯಾಸ್‌ಗೆ ಅಂತ ನುಂಗೋ ಈ ಮಾತ್ರೆಗಳದ್ದು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗ್ಯಾಸ್ ತೆಗೆಯಲ್ಲ, ಹೊಟ್ಟೆಯ ಆಮ್ಲ ಇಳಿಸುತ್ತೆ. ಊಟದಿಂದ ಬಿ12 ವಿಟಮಿನ್ ಬಿಡಿಸಿಕೊಳ್ಳೋಕೆ ಆ ಆಮ್ಲವೇ ಬೇಕು. ವರ್ಷಗಟ್ಟಲೆ ನುಂಗಿದ್ರೆ ಬಿ12 ಕಮ್ಮಿಯಾಗಬಹುದು. ಸಸ್ಯಾಹಾರಿಗಳಿಗೆ, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಇನ್ನೂ ಬೇಗ. ಆಗ ಪಾದ ಜೋಮು ಹಿಡಿಯುತ್ತೆ, ಅಂಗಾಲು ಉರಿಯುತ್ತೆ, ಕಣ್ಣು ಮುಚ್ಚಿ ನಿಂತ್ರೆ ಮೈ ಓಲಾಡುತ್ತೆ. ರಕ್ತ ಪರೀಕ್ಷೆ ಮಾಡಿಸಿ. ಮಿಲಿಲೀಟರ್‌ಗೆ 200 ಪಿಕೋಗ್ರಾಂಗಿಂತ ಕೆಳಗಿದ್ರೆ ಸಾಮಾನ್ಯವಾಗಿ ಕೊರತೆ ಅಂತಾರೆ. ಮಾತ್ರೆಯನ್ನ ದಿಢೀರ್ ನಿಲ್ಲಿಸಬೇಡಿ, ಎದೆಯುರಿ ಜೋರಾಗಿ ವಾಪಸ್ ಬರುತ್ತೆ. ಡಾಕ್ಟರನ್ನ ಕೇಳಿ ಇಳಿಸಿ.

ನಡೆದಾಗ ಮೀನಖಂಡ ಹಿಡಿದು, ನಿಂತ ಕೆಲವೇ ನಿಮಿಷಕ್ಕೆ ಬಿಟ್ರೆ ಕಾಲಿನ ರಕ್ತನಾಳವನ್ನ ಡಾಕ್ಟರಿಗೆ ತೋರಿಸಿ. ಬೀಡಿ, ಸಿಗರೇಟು ಸೇದೋರು ತಡಮಾಡಲೇಬೇಡಿ. ಹೊಟ್ಟೆಯ ಬಲಗಡೆ ಕೆಳಗೆ ನೋವಿದ್ದು, ಬಲಗಾಲು ಚಾಚಿದಾಗ ಜಾಸ್ತಿಯಾದ್ರೆ ಅದು ಅಪೆಂಡಿಕ್ಸ್ ಇರಬಹುದು.

(ಪರದೆ: ಟೇಲರ್ ಟೇಪು, ಎರಡು ಕಾಲು)

ಒಂದೇ ಕಾಲು ಊದಿದ್ಯಾ? ಮಂಡಿಚಿಪ್ಪಿನ ಕೆಳಗೆ ಮೂಳೆಯ ಉಬ್ಬು ಕೈಗೆ ಸಿಗುತ್ತೆ. ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ತಗೊಳ್ಳಿ. 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ರಕ್ತ ಹರಿಯೋದನ್ನ ನೋಡೋ ಡಾಪ್ಲರ್ ಸ್ಕ್ಯಾನ್ ಬೇಕಾ ಕೇಳಿ. ವ್ಯತ್ಯಾಸ ಕಮ್ಮಿಯಿದ್ರೂ ಕಾಲು ಬಿಸಿಯಾಗಿ ಕೆಂಪಗಿದ್ರೆ ಹೋಗಲೇಬೇಕು. ಜೊತೆಗೆ ಉಸಿರು ಕಟ್ಟಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ.