ಮಾಡೆಲ್ ಎಡವಿದ್ದು ಯಾವ ಫೋಟೋಕ್ಕ? ಫೈಲ್ ನೇಮ್ ಕೈ ಬಿಡಬ್ಯಾಡ್ರಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಬಾಗಲಕೋಟಿ ಕಡೆ ದಾಳಿಂಬಿ ತೋಟ ಭಾಳ ಅದಾವ, ದುಂಡಾಣು ಅಂಗಮಾರಿ ಬಂದ್ರ ರೈತರ ಗತಿ ಏನಾಗ್ತೈತಿ ಅಂತನೂ ನಿಮಗ ಗೊತ್ತೈತಿ, ಹಂಗಾಗಿ ಎಲಿ, ಕಾಯಿ ಫೋಟೋ ನೋಡಿ ರೋಗ ಗುರುತು ಹಿಡಿಯೋ ಮಾಡೆಲ್ ಮಾಡಾಕ ಇಂಜಿನಿಯರಿಂಗ್ ಹುಡುಗ್ರು ಹೊಂಟಾರಂದ್ರ ನನಗ ಖರೇನ ಖುಷಿ. ಟ್ರೇನಿಂಗ್ ಮುಗೀತು, ಅಕ್ಯುರಸಿನೂ ಚಲೋ ಬಂತು, ಆಮ್ಯಾಲೆ ಗೈಡ್ ಸರ್ ಕೇಳ್ತಾರ, "ತಪ್ಪು ಹೇಳಿದ್ದು ಯಾವ ಫೋಟೋಕ್ಕ, ತೋರ್ಸಪಾ." ಅಲ್ಲಿಗೆ ಎಲ್ಲಾರೂ ಗಪ್.

ಯಾಕಂದ್ರ ಮಾಡೆಲ್‌ಗೆ ಹೋಗೋದು ಬರೇ ನಂಬರ್ರೀ. ಮಾಡೆಲ್ ಕಟ್ಟೋ ಪೈಟಾರ್ಚ್ ಲೈಬ್ರರಿದಾಗ ಫೋಲ್ಡರಿಂದ ಫೋಟೋ ಓದೋ ಇಮೇಜ್‌ಫೋಲ್ಡರ್ ಅನ್ನೋದು ನಿಮಗ ಇಮೇಜು ಮತ್ತ ಲೇಬಲ್ (ಯಾವ ರೋಗ ಅನ್ನೋ ಗುರುತು) ಎರಡ ಕೊಡ್ತೈತಿ, ಹೆಸರು ಕೊಡೂದಿಲ್ಲ. ಹೆಸರು ಕಳದಿರೂದಿಲ್ಲ, ಒಳಗ ಸ್ಯಾಂಪಲ್ಸ್ ಅನ್ನೋ ಲಿಸ್ಟ್‌ನ್ಯಾಗ ಪಾತ್ (ಫೈಲ್ ಎಲ್ಲೈತಿ ಅನ್ನೋ ವಿಳಾಸ, ಹೆಸರು ಸೇರಿ) ಕುಂತಿರ್ತೈತಿ, ಆದ್ರ ಫೋಟೋಗಳನ್ನ ಬ್ಯಾಚ್ ಅಂದ್ರ ಗುಂಪು ಗುಂಪಾಗಿ ಕೊಡೋ ಡೇಟಾಲೋಡರ್‌ದಾಗ ಶಫಲ್ ಹಾಕಿ ಕಲಸಿದ್ರ ಬ್ಯಾಚ್‌ನ ಮೂರನೇ ಫೋಟೋ ಲಿಸ್ಟ್‌ನ ಮೂರನೇದಲ್ಲ. ಅದಕ್ಕ ಇಮೇಜ್‌ಫೋಲ್ಡರ್ ಮ್ಯಾಲೆ ನಿಮ್ದ ಒಂದು ಕ್ಲಾಸ್ ಬರೀರಿ, ಗೆಟ್‌ಐಟಮ್ ಫಂಕ್ಷನ್‌ದಾಗ ಅದ ಇಂಡೆಕ್ಸ್‌ನ ಪಾತ್ ತಗದು ಇಮೇಜು, ಲೇಬಲ್, ಪಾತ್ ಮೂರೂ ರಿಟರ್ನ್ ಮಾಡ್ರಿ, ಇನ್ನ ಎಷ್ಟ ಶಫಲ್ ಆದ್ರೂ ಹೆಸರು ಫೋಟೋದ ಜೋಡಿನ ಬರ್ತೈತಿ.

ಕೆರಾಸ್ ಅನ್ನೋ ಇನ್ನೊಂದು ಲೈಬ್ರರಿದಾಗ ಫೋಲ್ಡರಿಂದ ಫೋಟೋ ಓದೋ ಫ್ಲೋ ಫ್ರಮ್ ಡೈರೆಕ್ಟರಿ ಬಳಸೋರಿಗೆ ಒಂದ ಮಾತು, ಅಲ್ಲಿ ಶಫಲ್ ತಾನಾಗೇ ಆನ್ ಇರ್ತೈತಿ, ಟೆಸ್ಟ್ ಮಾಡುವಾಗ ಫಾಲ್ಸ್ ಮಾಡ್ರಿ, ಇಲ್ಲಾಂದ್ರ ಫೈಲ್‌ನೇಮ್ಸ್ ಲಿಸ್ಟಿಗೂ ಪ್ರೆಡಿಕ್ಷನ್‌ಗೂ ತಾಳಮೇಳ ಇರೂದಿಲ್ಲ.

ಈಗ ಖರೇ ತ್ರಾಸು, ಹೆಸರು. ರೈತರು ಫೋಟೋ ಕಳಸೂದು ವಾಟ್ಸಾಪ್‌ದಾಗ. ಐಎಂಜಿ, ತಾರೀಖು, ಆಮ್ಯಾಲೆ ಡಬ್ಲ್ಯೂಎ0007, ಇಷ್ಟ ಹೆಸರು. ಆ 0007 ಆ ಫೋನಿನ ಆ ದಿನದ ನಂಬರ್ ಅಷ್ಟ, ಇಬ್ರು ಗೆಳ್ಯಾರು ತಮ್ಮ ತಮ್ಮ ಫೋನಿನ ಫೋಟೋ ಒಂದ ಫೋಲ್ಡರಿಗೆ ಹಾಕಿದ್ರ ಒಂದರ ಮ್ಯಾಲೆ ಇನ್ನೊಂದು ಕುಂತು ಮೊದಲಿಂದು ಹೋತು ಅಂತ ತಿಳೀರಿ. ಫೋಟೋ ತಗದ ಟೈಮು, ಲೊಕೇಶನ್ನೂ ವಾಟ್ಸಾಪ್ ತಗದಬಿಟ್ಟಿರ್ತೈತಿ. ಹಂಗಾಗಿ ಫೋಟೋ ಬಂದ ದಿನಾನ ಹೊಸ ಹೆಸರು ಕೊಟ್ಟು ಒಂದು ಸಿಎಸ್‌ವಿ (ಕಾಲಮ್ ಇರೋ ಪಟ್ಟಿ ಫೈಲ್) ಇಡ್ರಿ: ಹೊಸ ಹೆಸರು, ಹಳೇ ಹೆಸರು, ಯಾವ ತೋಟ, ಯಾವ ಗಿಡ, ಲೇಬಲ್. ನಂಬರ್ 00001 ಹಿಂಗ ಸೊನ್ನಿ ಹಚ್ಚಿ ಬರೀರಿ, ಇಲ್ಲಾಂದ್ರ ಸಾರ್ಟ್ ಮಾಡಿದ್ರ 1 ಆದಮ್ಯಾಲೆ 10 ಬಂದು ಕುಂದರ್ತೈತಿ.

ರೋಗದ ಹೆಸರು ಫೈಲ್ ನೇಮಿನ್ಯಾಗ ಹಾಕಬ್ಯಾಡ್ರಿ ಅಂತ ನಾ ಹೇಳ್ತೀನಿ. ಇಮೇಜ್‌ನೆಟ್ ಅನ್ನೋ ದೊಡ್ಡ ಫೋಟೋ ಡೇಟಾಸೆಟ್‌ದಾಗ ಲೇಬಲ್ಲಿನ ಕೋಡು ಫೈಲ್ ನೇಮಿನ್ಯಾಗ ಐತಿ, ಎನ್01440764 ಅಂತ ಶುರು ಆದ್ರ ಅದು ಟೆಂಚ್ ಅನ್ನೋ ಮೀನು. ಆದ್ರ ನಮ್ಮ ಲೇಬಲ್ ನಾಳೆ ತೋಟಗಾರಿಕಿ ತಜ್ಞರು ನೋಡಿ ತಿದ್ದತಾರ, ಆಗ ಫೈಲಿನ ಹೆಸರ ಸುಳ್ಳ ಹೇಳ್ತೈತಿ. ಕೊಕೊ ಅನ್ನೋ ಇನ್ನೊಂದು ಫೋಟೋ ಡೇಟಾಸೆಟ್ ರೀತಿ ನನಗ ಸೇರ್ತೈತಿ, ಫೈಲಿಗೆ 12 ಅಂಕಿ ನಂಬರ್, ಲೇಬಲ್ ಗಿಬಲ್ ಉಳಿದಿದ್ದೆಲ್ಲಾ ಜೇಸನ್ ಅನ್ನೋ ಬ್ಯಾರೆ ಮಾಹಿತಿ ಫೈಲಿನ್ಯಾಗ.

ಇನ್ನ ಆ ಗಿಡದ ಕಾಲಮ್ ಯಾಕ ಅಂತೀರೇನು? ಒಂದ ಗಿಡದ್ದು ಹತ್ತು ಫೋಟೋ ಇದ್ದು, ಎಂಟು ಟ್ರೇನ್‌ಗೆ (ಕಲಸಾಕ), ಎರಡು ಟೆಸ್ಟ್‌ಗೆ (ಪರೀಕ್ಷೆಗೆ) ಹೋದ್ರ ಮಾಡೆಲ್ ರೋಗ ಕಲೀದ ಆ ಗಿಡಾನ ಗುರುತು ಹಿಡಕೊಂಡು ಪಾಸಾಗ್ತೈತಿ, ಬ್ಯಾರೆ ತೋಟಕ್ಕ ಹೋದ್ರ ಕೈ ಕೊಡ್ತೈತಿ. ಸೈಕಿಟ್ ಲರ್ನ್ ಲೈಬ್ರರಿದಾಗ ಗುಂಪು ಒಡೀದಂಗ ಟ್ರೇನ್, ಟೆಸ್ಟ್ ಭಾಗ ಮಾಡೋ ಗ್ರೂಪ್‌ಶಫಲ್‌ಸ್ಪ್ಲಿಟ್ ಐತಿ, ಗ್ರೂಪ್ ಅಂತ ಇದ ಕಾಲಮ್ ಕೊಡ್ರಿ, ಒಂದ ಗಿಡದ ಫೋಟೋ ಎಲ್ಲಾ ಒಂದ ಕಡೆ ಉಳೀತಾವ.